ಕೊಡಗಿನ ಮನೆ ಗಾರ್ಡನ್‌ಗಳನ್ನು ಗುಂಪಾಗಿ ನೋಡಲು ಯಾವಾಗ, ಹೇಗೆ ಬರಬೇಕು?

ಆನ್‌ಲೈನಲ್ಲಿ ಹೂಗಿಡಗಳ ಬಗ್ಗೆ ಬರೆಯುವ ಹದಿನೈದು ಇಪ್ಪತ್ತು ಜನ ಒಟ್ಟಿಗೆ ಕೊಡಗಿಗೆ ಬಂದು ಮನೆ ಗಾರ್ಡನ್‌ಗಳನ್ನು ನೋಡಬೇಕು ಅಂತಿದ್ದೀರಿ. ಯಾವ ತಿಂಗಳು ಒಳ್ಳೆಯದು, ದಿನಕ್ಕೆ ಎಷ್ಟು ಮನೆ ನೋಡಬಹುದು, ಗುರುತಿಲ್ಲದವರನ್ನು ಮನೆಯವರು ಒಳಗೆ ಬಿಡುತ್ತಾರಾ ಅಂತ ಕೇಳಿದ್ದೀರಿ. ನಾನು ಮಡಿಕೇರಿ ಹತ್ತಿರದವಳು. ನಮ್ಮ ಮನೆಗೂ ಇಂಥ ಗುಂಪುಗಳು ಬಂದಿವೆ, ನಾನೂ ಗುಂಪಿನ ಜೊತೆ ಸುತ್ತಿದ್ದೇನೆ.

ಬಿಡುತ್ತಾರೆ, ಖುಷಿಯಿಂದಲೇ ಬಿಡುತ್ತಾರೆ. ಆದರೆ ದಿನಕ್ಕೆ ಮೂರು ಮನೆಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಉಳಿದ ಯಾವ ಮಾತನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ. ಬರೀ ಹೂ ನೋಡುವುದಾದರೆ ಮಡಿಕೇರಿಯ ರಾಜಾಸೀಟ್ ಪಾರ್ಕ್ ಇದೆ, ಅಲ್ಲಿ ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನವೂ ನಡೆಯುತ್ತದೆ, ಚೆನ್ನಾಗಿಯೇ ಇರುತ್ತದೆ. ಮನೆಗೆ ಬರುವುದು ಆ ಗಿಡ ಬೆಳೆಸಿದವರ ಜೊತೆ ಮಾತಾಡುವುದಕ್ಕೆ. ಇಲ್ಲಿ ಹೆಚ್ಚಿನ ಕಡೆ ಅದು ಮನೆಯ ಹೆಂಗಸರ ಕೆಲಸ. ಇಪ್ಪತ್ತು ಜನ ಒಮ್ಮೆಲೇ ಗೇಟು ದಾಟಿ ಬಂದರೆ ಅವರು ಮೊದಲು ಸುಮ್ನೆ ನಿಂತಿರುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ, ಯಾರೋ ಒಬ್ಬರು ಕೂತು ಒಂದು ಕುಂಡದ ಬಗ್ಗೆ ಕೇಳಿದಾಗ ನಿಜವಾದ ಮಾತು ಶುರುವಾಗುತ್ತದೆ. ಅಷ್ಟರಲ್ಲಿ ಹೊರಟುಬಿಟ್ಟರೆ ಏನು ಸಿಕ್ಕ ಹಾಗಾಯಿತು?

ಹೈಡ್ರೇಂಜಿಯಾವನ್ನೇ ತಗೊಳ್ಳಿ. ನಮ್ಮ ಮನೆಯದು ನೀಲಿ. ಅದೇ ಗಿಡದ ಕಡ್ಡಿ ನಮ್ಮ ಅತ್ತಿಗೆ ಮನೆಯಲ್ಲಿ ಗುಲಾಬಿ ಬಣ್ಣದ ಹೂ ಬಿಡುತ್ತದೆ. ನಮ್ಮ ಕಡೆ ಮಳೆ ಜಾಸ್ತಿ, ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಬೇರಿಗೆ ಸಿಗುತ್ತದೆ, ಹೂ ನೀಲಿಯಾಗುತ್ತದೆ. ಅತ್ತಿಗೆಯ ಗಿಡ ಇರುವುದು ಕಾಫಿಗೆ ಸುಣ್ಣ ಹಾಕುವ ಅಂಚಿನಲ್ಲಿ, ಸುಣ್ಣ ಬಿದ್ದರೆ ಮಣ್ಣಿನ ಹುಳಿ ಕಡಿಮೆಯಾಗುತ್ತದೆ. ಫೋಟೋ ನೋಡಿದರೆ ಎರಡು ತಳಿ ಅಂತಲೇ ಅನ್ನಿಸುತ್ತದೆ. ಬೆಳೆಸಿದವರನ್ನು ಕೇಳಿದರೆ ಮಾತ್ರ ಗೊತ್ತಾಗುವ ವಿಷಯ ಇದು.

ಇನ್ನೊಂದು ವಿಷಯ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು ಕಡೆ ಎಷ್ಟೋ ಮನೆಗಳೇ ಹೋದವು, ಗಾರ್ಡನ್ ಮಾತು ಬಿಡಿ. ನನ್ನ ಗೆಳತಿಯೊಬ್ಬಳ ಹಳೆಯ ಡೇಲಿಯಾ ಗೆಡ್ಡೆಗಳೆಲ್ಲ ಮಣ್ಣಿನಡಿ ಸೇರಿದವು. ಅವಳು ಮೊದಲು ಹಂಚಿದ್ದ ಮನೆಗಳಿಂದಲೇ ಅದೇ ಗೆಡ್ಡೆಗಳು ಅವಳಿಗೆ ವಾಪಸ್ ಬಂದವು. ಯಾವ ಗಿಡ ಯಾರ ಮನೆಯಿಂದ ಬಂತು ಅಂತ ಹೋದ ಕಡೆಯೆಲ್ಲ ಕೇಳಿ. ಕೊಡಗಿನ ಗಾರ್ಡನ್ ಅಂದರೆ ಹೆಚ್ಚಿನಂಶ ಆ ಕೊಡುಕೊಳ್ಳುವಿಕೆಯೇ.

ಅಮೆರಿಕದಲ್ಲಿ ನಿಮ್ಮ ಹಾಗೆ ಬರೆಯುವವರು 2008ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಸೇರಿ ಇಂಥದ್ದನ್ನು ಶುರು ಮಾಡಿದರು. ಗಾರ್ಡನ್ ಫ್ಲಿಂಗ್ ಅನ್ನುತ್ತಾರೆ. 2010ರಲ್ಲಿ ಬಫಲೋ, 2015ರಲ್ಲಿ ಕೆನಡಾದ ಟೊರಾಂಟೊ, ಹೀಗೆ ಊರು ಬದಲಾಗುತ್ತಾ ಹೋಗುತ್ತದೆ. ಹೋದ ಊರಿನಲ್ಲಿ ಇರುವ ಬರಹಗಾರರೇ ಮನೆಗಳನ್ನು ಆರಿಸಿ ಕರೆದುಕೊಂಡು ಹೋಗುತ್ತಾರೆ. ಈ ಪದ್ಧತಿ ನನಗೆ ತುಂಬ ಇಷ್ಟ. ನೀವೂ ಇಲ್ಲಿನವರೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ, ಮನೆಯವರನ್ನು ಅವರೇ ಕೇಳಲಿ. ಆದರೆ ಆ ಫ್ಲಿಂಗ್‌ನವರ ಹಾಗೆ ದೊಡ್ಡ ಬಸ್ಸಿನಲ್ಲಿ ಬರಬೇಡಿ. ಎಸ್ಟೇಟ್ ರಸ್ತೆಯಲ್ಲಿ ಬಸ್ಸು ತಿರುಗುವುದಿಲ್ಲ. ಎರಡು ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಳ್ಳಿ.

ತಿಂಗಳು ಅಂದರೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ. ಜೋರು ಮಳೆ ಕಡಿಮೆಯಾಗಿರುತ್ತದೆ, ನೆಲದಲ್ಲಿ ತೇವ ಇರುತ್ತದೆ, ಕಾಫಿ ಕೊಯ್ಲಿನ ಭರಾಟೆ ಇನ್ನೂ ಬಂದಿರುವುದಿಲ್ಲ. ಕೊಯ್ಲು ಶುರುವಾದರೆ ಮನೆಯವರಿಗೆ ನಿಮ್ಮ ಜೊತೆ ನಿಲ್ಲಲು ಪುರುಸೊತ್ತು ಇರಲ್ಲ, ಕಣದ ತುಂಬ ಕಾಫಿ ಹರಡಿರುತ್ತದೆ. ದಸರಾ, ಕಾವೇರಿ ಸಂಕ್ರಮಣದ ದಿನಗಳನ್ನು ಬಿಟ್ಟುಬಿಡಿ, ರೂಮೂ ಸಿಗಲ್ಲ. ಜೂನ್‌ನಿಂದ ಆಗಸ್ಟ್ ಬೇಡವೇ ಬೇಡ. ಕಾಫಿ ಹೂ ನೋಡುವ ಆಸೆ ಇದ್ದರೆ ಅದು ಮಾರ್ಚ್ ಏಪ್ರಿಲ್. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ, ಮೂರು ನಾಲ್ಕು ದಿನದಲ್ಲಿ ಮುಗಿಯುತ್ತದೆ. ಆ ಪರಿಮಳ ಒಮ್ಮೆಯಾದರೂ ಅನುಭವಿಸಬೇಕು. ಆದರೆ ಮಳೆ ಯಾವಾಗ ಬೀಳುತ್ತದೆ ಅಂತ ಮೊದಲೇ ಹೇಳಲು ಆಗಲ್ಲ, ಇಪ್ಪತ್ತು ಜನರ ರಜೆ ಅದಕ್ಕೆ ಹೊಂದಲ್ಲ.

ಮೂರು ದಿನ ಇದ್ದರೆ ಮೊದಲ ದಿನ ಮಡಿಕೇರಿ ಸುತ್ತಮುತ್ತ, ಫ್ಯೂಷಿಯಾ ಬಿಗೋನಿಯಾ ಮನೆಗಳು. ಎರಡನೇ ದಿನ ಚೆಟ್ಟಳ್ಳಿ, ಸಿದ್ದಾಪುರ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವನ್ನು ಮುಂಚೆಯೇ ಅನುಮತಿ ಕೇಳಿ ಸೇರಿಸಿಕೊಳ್ಳಿ. ಕೂರ್ಗ್ ಕಿತ್ತಳೆ, ಬಟರ್ ಫ್ರೂಟ್, ರಂಬುಟಾನ್ ಮೇಲೆ ಅಲ್ಲಿ ಕೆಲಸ ನಡೆದಿದೆ. ಅರ್ಕಾ ಕೂರ್ಗ್ ಅರುಣ್ ಅನ್ನುವ ಕೆಂಪು ರಂಬುಟಾನ್ ಅಲ್ಲಿಂದಲೇ ಬಂದಿದ್ದು. ಆ ಕಡೆ ತೋಟಗಳಲ್ಲಿ ಆನೆ ಓಡಾಡುತ್ತವೆ, ಕತ್ತಲಾಗುವ ಮೊದಲೇ ಮುಖ್ಯ ರಸ್ತೆಗೆ ಬಂದುಬಿಡಿ. ಮೂರನೇ ದಿನ ಗೋಣಿಕೊಪ್ಪ, ವಿರಾಜಪೇಟೆ.

ದಯವಿಟ್ಟು ಗಮನ ಕೊಡಬೇಕಾದದ್ದು ರೋಗದ ವಿಷಯ. ಕರಿಮೆಣಸಿನ ಸೊರಗು ರೋಗ ಮಣ್ಣಿನಲ್ಲೇ ಹರಡುತ್ತದೆ. ಒಂದು ತೋಟದ ಕೆಸರು ಮೆತ್ತಿದ ಶೂನಲ್ಲಿ ಇನ್ನೊಂದು ತೋಟಕ್ಕೆ ಕಾಲಿಡಬೇಡಿ, ಹೊರಡುವಾಗಲೇ ನಲ್ಲಿ ಕೇಳಿ ತೊಳೆದುಕೊಳ್ಳಿ. ಆಂಥೂರಿಯಂಗೆ ಬರುವ ಬ್ಯಾಕ್ಟೀರಿಯಾ ಅಂಗಮಾರಿ ಕತ್ತರಿಯಿಂದ, ಕೈಯಿಂದ ಹರಡುತ್ತದೆ. ನೆರಳುಬಲೆ ಕೆಳಗಿನ ಗಿಡ ಮುಟ್ಟಬೇಡಿ, ನಿಮ್ಮ ಕತ್ತರಿ ಹೊರಗೇ ತೆಗೆಯಬೇಡಿ. ಕಡ್ಡಿ ಬೇಕಾದರೆ ಮನೆಯವರೇ ಮುರಿದುಕೊಡುತ್ತಾರೆ. ನೀವು ಗಿಡ ತಂದುಕೊಡುವುದಾದರೆ ಮಣ್ಣು ತೊಳೆದು ತನ್ನಿ. ಮರದ ಮೇಲಿನ ಸೀತಾಳೆಯನ್ನು (ಕಾಡು ಆರ್ಕಿಡ್) ಯಾರಾದರೂ ಕಿತ್ತು ಕೊಡುತ್ತೇನೆ ಅಂದರೂ ಬೇಡ ಅನ್ನಿ. ಅದು ಆ ಮರದಲ್ಲೇ ಇರಲಿ.

ಊಟ ಮಾಡಿಸದೆ ಯಾರೂ ಕಳಿಸುವುದಿಲ್ಲ. ಇಪ್ಪತ್ತು ಜನರಿಗೆ ಅಡುಗೆ ದೊಡ್ಡ ಹೊರೆ, ಅಲ್ವಾ? ಅದಕ್ಕೇ ಮೊದಲೇ ಫೋನಿನಲ್ಲಿ ಕಾಫಿ ಸಾಕು ಅಂತ ಹೇಳಿಬಿಡಿ. ಊಟಕ್ಕೆ ಕಡುಬುಟ್ಟು (ಅಕ್ಕಿ ಕಡುಬು), ಪಂದಿ ಕರಿ (ಹಂದಿ ಮಾಂಸದ ಸಾರು) ಆರ್ಡರಿನ ಮೇಲೆ ಮಾಡಿಕೊಡುವವರು ಎಲ್ಲ ಊರಿನಲ್ಲೂ ಇದ್ದಾರೆ.

ಆಮೇಲೆ ಬರೆಯುವಾಗ ಮನೆಯ ಲೊಕೇಶನ್ ಹಾಕಬೇಡಿ. ನನ್ನ ಪರಿಚಯದವರೊಬ್ಬರ ಮನೆಯ ಫೋಟೋ ಊರ ಹೆಸರಿನ ಸಮೇತ ಓಡಾಡಿ, ಭಾನುವಾರ ಬಂತೆಂದರೆ ಅಪರಿಚಿತರು ಗೇಟಿಗೆ ಬಂದು ನಿಲ್ಲುವಂತಾಯಿತು. ಅವರು ಈಗ ಯಾರನ್ನೂ ಒಳಗೆ ಬಿಡುವುದಿಲ್ಲ. ಹೆಸರು ಹಾಕಬಹುದಾ ಅಂತ ಕೇಳಿ, ಬರೆದದ್ದನ್ನು ಹಾಕುವ ಮೊದಲು ಅವರಿಗೆ ಕಳಿಸಿ. ಗಿಡದ ಹೆಸರೋ ಗೊಬ್ಬರದ ಅಳತೆಯೋ ತಪ್ಪಿದ್ದರೆ ಅವರೇ ತಿದ್ದಿಕೊಡುತ್ತಾರೆ.