ಮಾಸ್ತರರನ್ನು ಕೇಳಿ: ‘ಅಂತೆ’ ಇದ್ದಲ್ಲೆಲ್ಲ ಉಪಮೆಯೇ?

ಪ್ರಶ್ನೆ: ಮಾಸ್ತರರೇ, ಮಗಳು ಈ ಸಲ ಹತ್ತನೇ ಕ್ಲಾಸು. ಕನ್ನಡ ಪಾಠದ ಅಲಂಕಾರಗಳಲ್ಲಿ ಉಪಮೆ, ಉತ್ಪ್ರೇಕ್ಷೆ ಎರಡನ್ನೂ ಅದಲು ಬದಲು ಮಾಡುತ್ತಾಳೆ. ‘ಅಂತೆ’ ಇದ್ದರೆ ಉಪಮೆ ಅಂತ ಬಾಯಿಪಾಠ ಮಾಡಿದ್ದಾಳೆ. ಗುರುತು ಹಿಡಿಯುವುದು ಹೇಗೆ?
– ಒಬ್ಬ ತಾಯಿ, ಗದಗ

ಉತ್ತರ: ತೊಂದರೆ ಇರುವುದೇ ಆ ಬಾಯಿಪಾಠದಲ್ಲಿ, ತಂಗೀ. ‘ಅಂತೆ’ ಹುಡುಕುತ್ತ ಹೋದರೆ ‘ಎಂಬಂತೆ’ಯಲ್ಲೂ ಅದು ಸಿಗುತ್ತದೆ. ಮಗು ಥಟ್ಟನೆ ಉಪಮೆ ಅಂತ ಬರೆದುಬಿಡುತ್ತದೆ. ಧಾರವಾಡದಲ್ಲಿ ನಾನು ಕಲಿಸುವಾಗಲೂ ಜಾಣ ಮಕ್ಕಳೇ ಇಲ್ಲಿ ಎಡವುತ್ತಿದ್ದರು. ಹೇಳುವವನ ಮನಸ್ಸಿನಲ್ಲಿ ಏನಿದೆ ಅಂತ ಮೊದಲು ಕೇಳಿಕೊಳ್ಳಲಿ.

ಬ್ಯಾಡಗಿ ಕಡೆ ಮೆಣಸಿನಕಾಯಿ ಒಣಹಾಕಿದ್ದನ್ನು ನೋಡಿದ್ದೀರಲ್ವಾ? ಕಣ್ಣು ಹಾಯಿಸಿದಷ್ಟೂ ಕೆಂಪು. ಅದನ್ನು ನೋಡಿ ಒಬ್ಬ, ‘ಮೆಣಸಿನಕಾಯಿ ನವಲಗುಂದದ ಜಮಖಾನದಂತೆ ಹರಡಿದೆ’ ಅಂದ ಅನ್ನಿ. ಮೆಣಸಿನಕಾಯಿ ಬೇರೆ, ಜಮಖಾನ ಬೇರೆ ಅಂತ ಅವನಿಗೆ ಗೊತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದ. ಇದು ಉಪಮೆ. ಹೋಲಿಸಿದ್ದು ಮೆಣಸಿನಕಾಯಿಯನ್ನು, ಅದು ಉಪಮೇಯ. ಹೋಲಿಸಿದ್ದು ಜಮಖಾನಕ್ಕೆ, ಅದು ಉಪಮಾನ. ಹೋಲಿಕೆ ತೋರಿಸುವ ‘ಅಂತೆ’ ವಾಚಕ ಪದ. ಎರಡರಲ್ಲೂ ಇರುವ ಗುಣ, ಅಂದರೆ ಹರಡಿರುವುದು, ಸಮಾನಧರ್ಮ. ನಾಲ್ಕೂ ಇರುವುದರಿಂದ ಪೂರ್ಣೋಪಮೆ. ಒಂದು ಬಿಟ್ಟುಹೋದರೂ ಲುಪ್ತೋಪಮೆ.

ಇನ್ನೊಬ್ಬ, ‘ಕಣದ ತುಂಬ ಮೆಣಸಿನಕಾಯಿಯ ಜಮಖಾನ ಹಾಸಿದೆ’ ಅಂದ. ಇಲ್ಲಿ ಎರಡು ವಸ್ತು ಉಳಿಯಲೇ ಇಲ್ಲ. ಮೆಣಸಿನಕಾಯಿಯೇ ಜಮಖಾನವಾಯಿತು. ಇದು ರೂಪಕ.

ಮೂರನೆಯವ, ‘ಯಾರೋ ಕಣಕ್ಕೆ ಕೆಂಪು ಜಮಖಾನ ಹಾಸಿದರೋ ಎಂಬಂತೆ ಮೆಣಸಿನಕಾಯಿ ಹರಡಿದೆ’ ಅಂದ. ಯಾರೂ ಏನೂ ಹಾಸಿಲ್ಲ ಅಂತ ಅವನಿಗೂ ಗೊತ್ತು. ಆದರೂ ಹಾಸಿರಬಹುದೇನೋ ಅಂತ ಮನಸ್ಸು ಊಹೆ ಮಾಡುತ್ತದೆ. ಇದು ಉತ್ಪ್ರೇಕ್ಷೆ. ‘ಹಾಸಿದರೋ’ ಅನ್ನುವಾಗ ಕೊನೆಗೆ ಬರುವ ‘ಓ’ಕಾರ ನೋಡಿ, ಊಹೆ ಕೂತಿರುವುದು ಅಲ್ಲೇ. ಇನ್ನೊಂದು ಮಾತು. ನಾವು ದಿನಾ ಉತ್ಪ್ರೇಕ್ಷೆ ಅನ್ನುವುದು ಜಾಸ್ತಿ ಮಾಡಿ ಹೇಳುವುದಕ್ಕೆ. ಅಲಂಕಾರದಲ್ಲಿ ಅದರ ಹೆಸರು ಅತಿಶಯೋಕ್ತಿ.

ನೀವು ಗದಗಿನವರು. ವೀರನಾರಾಯಣ ಗುಡಿಗೆ ಹೋದಾಗ ಮಗಳಿಗೆ ಕುಮಾರವ್ಯಾಸನ ವಿಷಯ ಹೇಳಿ. ಹುಬ್ಬಳ್ಳಿ ಹತ್ತಿರದ ಕೋಳಿವಾಡದವನು ಅವನು. ‘ರೂಪಕ ಸಾಮ್ರಾಜ್ಯದ ಚಕ್ರವರ್ತಿ’ ಅಂತ ಅವನಿಗೆ ಹೆಸರು. ಆ ಬಿರುದೇ ಒಂದು ರೂಪಕ! ರೂಪಕಗಳೇ ಸಾಮ್ರಾಜ್ಯ, ಕವಿಯೇ ಚಕ್ರವರ್ತಿ. ಎಲ್ಲೂ ‘ಅಂತೆ’ ಇಲ್ಲ, ‘ಹಾಗೆ’ ಇಲ್ಲ. ಇದನ್ನೇ ಮಗಳಿಂದ ಬಿಡಿಸಿ ಹೇಳಿಸಿ.

ಪ್ರಶ್ನೆ: ಉಪಮೆಗೆ ಸ್ವಂತ ಉದಾಹರಣೆ ಬರೆಯಿರಿ ಅಂದದ್ದಕ್ಕೆ ಮಗ ‘ನಮ್ಮ ಅತ್ತೆಯ ಮಾತು ಬ್ಯಾಡಗಿ ಮೆಣಸಿನಕಾಯಿಯಂತೆ ಖಾರ’ ಅಂತ ಬರೆದಿದ್ದಾನೆ. ಸರಿ ಇದೆಯಾ?
– ಓದುಗರು, ಹಾವೇರಿ

ಉತ್ತರ: ನಾಲ್ಕೂ ಅಂಗ ಇವೆ, ಲಕ್ಷಣದ ಪ್ರಕಾರ ಸರಿ. ಸ್ವಂತದ್ದು ಬರೆದನಲ್ಲ, ನನಗೆ ಬಹಳ ಖುಷಿಯಾಯಿತು. ಆದರೆ ಹಾವೇರಿ ಜಿಲ್ಲೆಯ ಹುಡುಗ ಇದನ್ನು ಒಪ್ಪಬಾರದು. ಬ್ಯಾಡಗಿಗೆ ಹೆಸರು ಬಂದದ್ದು ಬಣ್ಣದಿಂದ. ಖಾರ ಕಮ್ಮಿ. ಖಾರವೇ ಬೇಕಿದ್ದರೆ ಗುಂಟೂರು ಮೆಣಸಿನಕಾಯಿ ಅನ್ನಲಿ. ಉಪಮಾನದಲ್ಲಿ ಎದ್ದು ಕಾಣುವ ಗುಣವೇ ಸಮಾನಧರ್ಮ ಆಗಬೇಕು, ಇಲ್ಲದಿದ್ದರೆ ಓದುವವನಿಗೆ ಚಿತ್ರ ಮೂಡುವುದಿಲ್ಲ. ನಾನಾದರೆ ಹೀಗೆ ತಿದ್ದುತ್ತಿದ್ದೆ: ‘ನಮ್ಮ ಅತ್ತೆಯ ಸಿಟ್ಟು ಬ್ಯಾಡಗಿ ಮೆಣಸಿನಕಾಯಿಯಂತೆ, ನೋಡಲಿಕ್ಕೆ ಕೆಂಪು, ಖಾರ ಕಮ್ಮಿ.’ ಈಗ ಅತ್ತೆಯೂ ಕಂಡಳು, ಮೆಣಸಿನಕಾಯಿಯೂ ಕಂಡಿತು.

ಪ್ರಶ್ನೆ: ಗಾದೆಗಳನ್ನು ದೃಷ್ಟಾಂತ ಅಲಂಕಾರಕ್ಕೆ ಉದಾಹರಣೆ ಕೊಡುತ್ತಾರೆ. ಎಲ್ಲ ಗಾದೆಯೂ ದೃಷ್ಟಾಂತವೇ?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಅಲ್ಲಪ್ಪ. ‘ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ.’ ಇಲ್ಲಿ ಎರಡು ಬೇರೆ ಬೇರೆ ವಾಕ್ಯ. ಒಂದು ಬಿಂಬ, ಇನ್ನೊಂದು ಪ್ರತಿಬಿಂಬ. ನಡುವೆ ಹೋಲಿಕೆಯ ಪದವೇ ಇಲ್ಲ, ಆದರೂ ಒಂದರ ಅರ್ಥ ಇನ್ನೊಂದರಲ್ಲಿ ಕಾಣುತ್ತದೆ. ಅದಕ್ಕೇ ದೃಷ್ಟಾಂತ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅನ್ನುವಲ್ಲಿ ಇರುವುದು ಒಂದೇ ಮಾತು, ಜೋಡಿ ಇಲ್ಲ. ಅದನ್ನು ಪರೀಕ್ಷೆಯಲ್ಲಿ ದೃಷ್ಟಾಂತ ಅಂತ ಬರೆಯಬೇಡ.