ಸ್ಕಂದ ಷಷ್ಠಿಗೆ ಆರು ದಿನ ಉಪವಾಸವೋ, ಒಂದೇ ದಿನ ಒಪ್ಪತ್ತೋ?

ಸ್ಕಂದ ಷಷ್ಠಿಗೆ ಆರು ದಿನ ಉಪವಾಸ ಇರಬೇಕೆಂದು ಪಕ್ಕದ ಮನೆಯ ತಮಿಳು ಕುಟುಂಬದವರು ಹೇಳುತ್ತಾರೆ, ನಮ್ಮ ಮನೆಯಲ್ಲಿ ಸುಬ್ಬರಾಯನ ಷಷ್ಠಿ ಎಂದು ಒಂದೇ ದಿನ ಮಾಡುತ್ತಾರೆ, ಯಾವುದು ಸರಿ ಎಂದು ಕೇಳಿದ್ದೀರಿ. ಕಚೇರಿಗೆ ಹೋಗಿಬರುತ್ತಾ ಆರು ದಿನ ತಡೆಯಲು ಆದೀತೇ ಎಂದೂ ಕೇಳಿದ್ದೀರಿ.

ಎರಡೂ ಸರಿ. ದೇವರು ಒಬ್ಬನೇ, ಹಬ್ಬ ಎರಡು. ಅವರದ್ದು ದೀಪಾವಳಿ ಅಮಾವಾಸ್ಯೆ ಕಳೆದ ಮೇಲೆ ಕಾರ್ತಿಕ ಶುದ್ಧ ಪಾಡ್ಯದಿಂದ ಷಷ್ಠಿಯವರೆಗೆ ನಡೆಯುವುದು. ನಿಮ್ಮದು ಅದಾಗಿ ತಿಂಗಳಿಗೆ ಬರುವ ಮಾರ್ಗಶಿರ ಶುದ್ಧ ಷಷ್ಠಿ, ಕುಕ್ಕೆಯಲ್ಲಿ ಬ್ರಹ್ಮರಥ ಎಳೆಯುವ ಚಂಪಾ ಷಷ್ಠಿ. 2025ರಲ್ಲಿ ಮೊದಲನೆಯದು ಅಕ್ಟೋಬರ್ 27ಕ್ಕೆ, ಎರಡನೆಯದು ನವೆಂಬರ್ 26ಕ್ಕೆ ಬಂದಿದ್ದವು. ನನ್ನ ತವರು ಮೈಸೂರಿನ ಕಡೆ, ಅತ್ತೆಯವರು ತಮಿಳರು. ಹೀಗಾಗಿ ನಮ್ಮಲ್ಲಿ ಎರಡನ್ನೂ ಬಿಡುವಂತಿಲ್ಲ.

ಆರು ದಿನದ್ದು ಯುದ್ಧದ ಲೆಕ್ಕ. ದೇವತೆಗಳನ್ನು ಸೆರೆಯಲ್ಲಿಟ್ಟಿದ್ದ ಅಸುರ ಶೂರಪದ್ಮನ ಬಳಿಗೆ ಷಣ್ಮುಖ ಮೊದಲು ತನ್ನ ಸೇನಾನಿ ವೀರಬಾಹುವನ್ನು ದೂತನಾಗಿ ಕಳಿಸುತ್ತಾನೆ. ಸಂಧಾನ ಮುರಿದ ಮೇಲೆಯೇ ಕಾಳಗ. ಶೂರಪದ್ಮನ ತಮ್ಮ ಸಿಂಹಮುಖ ಬೀಳುತ್ತಾನೆ. ಆರನೆಯ ದಿನ ಶೂರಪದ್ಮನ ಸರದಿ. ಮಾವಿನ ಮರವಾಗಿ ನಿಂತ ಅವನನ್ನು ತಾಯಿ ಪಾರ್ವತಿ ಕೊಟ್ಟ ವೇಲಾಯುಧ ಸೀಳಿದಾಗ ಒಂದು ಹೋಳು ನವಿಲಾಯಿತು, ಇನ್ನೊಂದು ಕೋಳಿಯಾಯಿತು. ಒಂದು ವಾಹನ, ಇನ್ನೊಂದು ಧ್ವಜ. ಶತ್ರುವನ್ನು ಕೊಂದು ಬಿಸಾಡದೆ ಜೊತೆಗಿಟ್ಟುಕೊಂಡ ಈ ಭಾಗವೇ ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟ.

ತಮಿಳುನಾಡಿನ ತಿರುಚೆಂದೂರಿನ ಕಡಲತೀರದಲ್ಲಿ ಇದನ್ನೇ ಶೂರಸಂಹಾರವೆಂದು ಆಡಿ ತೋರಿಸುತ್ತಾರೆ. ಅಸುರನ ದೊಡ್ಡ ಬೊಂಬೆಯನ್ನು ಹೊತ್ತು ತರುತ್ತಾರೆ. ಮೊದಲು ಆನೆಯ ತಲೆ. ವೇಲು ಬಂದು ಮುಟ್ಟುತ್ತದೆ, ತಲೆ ಕಳಚುತ್ತಾರೆ, ಅಲ್ಲೇ ಸಿಂಹದ ತಲೆ ಸಿಕ್ಕಿಸುತ್ತಾರೆ. ಹೊಸ ತಲೆ ಏರಿದಾಗಲೆಲ್ಲ ಜನ ಕೂಗುತ್ತಾರೆ. ಎಲ್ಲ ಮುಗಿದ ಮೇಲೆ ಕನ್ನಡಿ ಹಿಡಿದು ಉತ್ಸವಮೂರ್ತಿಯ ಪ್ರತಿಬಿಂಬಕ್ಕೆ ಅಭಿಷೇಕ ಮಾಡುತ್ತಾರೆ, ಅದು ಛಾಯಾಭಿಷೇಕ. ಅಷ್ಟು ಹೊತ್ತಿಗೆ ಉಪವಾಸವಿದ್ದವರು ಸಮುದ್ರಕ್ಕೆ ಇಳಿದಿರುತ್ತಾರೆ. ಅದೇ ತಿರುತ್ತಣಿಗೆ ಹೋದರೆ ಶೂರಸಂಹಾರವೇ ಇಲ್ಲ, ಆ ದಿನ ಪುಷ್ಪಾಂಜಲಿ. ಅಲ್ಲಿ ಸ್ವಾಮಿಯ ಕೋಪ ಇಳಿದಿತ್ತು ಎನ್ನುತ್ತಾರೆ.

ಇನ್ನು ಊಟದ ವಿಚಾರ. ಮೊದಲ ದಿನ ಸ್ನಾನ ಮಾಡಿ, ಮುಂಗೈಗೆ ಕಂಕಣ ಕಟ್ಟಿ ಸಂಕಲ್ಪ ಮಾಡುತ್ತಾರೆ. ಏನನ್ನು ಸಂಕಲ್ಪಿಸುತ್ತೀರೋ ಅದೇ ನಿಮ್ಮ ವ್ರತ. ಆರೂ ದಿನ ಕಾಳುಮೆಣಸು, ನೀರಿನಲ್ಲೇ ಕಳೆಯುವವರಿದ್ದಾರೆ, ಎಳನೀರಿನಲ್ಲಿ ಇರುವವರಿದ್ದಾರೆ, ಹಾಲುಹಣ್ಣಿನವರು, ದಿನಕ್ಕೊಂದು ಹೊತ್ತು ಉಣ್ಣುವವರು, ಐದು ದಿನ ಈರುಳ್ಳಿ ಬೆಳ್ಳುಳ್ಳಿ ಮಾತ್ರ ಬಿಟ್ಟು ಷಷ್ಠಿಯಂದು ಪೂರ್ತಿ ಉಪವಾಸ ಇರುವವರೂ ಇದ್ದಾರೆ. ಕಚೇರಿಗೆ ಹೋಗುವ ನಾನು ಒಪ್ಪತ್ತಿನ ಗುಂಪಿನವಳು. ಬೆಳಿಗ್ಗೆ ಹಾಲು, ಬಾಳೆಹಣ್ಣು. ಮಧ್ಯಾಹ್ನ ಡಬ್ಬಿಯಲ್ಲಿ ಮೊಸರನ್ನ. ರಾತ್ರಿ ಮುಸುರೆ ಇಲ್ಲ, ನೆನೆಸಿದ ಅವಲಕ್ಕಿಗೆ ಬೆಲ್ಲ ಕಾಯಿ. ಕಾಫಿ ಕುಡಿಯಬಹುದೇ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಎಲ್ಲರಿಗೂ ಅದೇ ಚಿಂತೆ. ಅದರಲ್ಲಿ ಧಾನ್ಯ ಎಲ್ಲಿದೆ ಎನ್ನುವುದು ನಮ್ಮತ್ತೆಯವರ ತೀರ್ಪು. ನಾನು ಅದರ ಮೇಲೆ ಮೇಲ್ಮನವಿ ಸಲ್ಲಿಸಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು, ಬಸುರಿಯರು, ಬಾಣಂತಿಯರು ಹೊಟ್ಟೆ ಖಾಲಿ ಬಿಡುವ ಸಾಹಸಕ್ಕೆ ಹೋಗಬೇಡಿ. ಮಕ್ಕಳಾಗಲೆಂದು ಈ ವ್ರತ ಹಿಡಿಯುವ ದಂಪತಿಗಳು ಬಹಳ. ಚಿಕಿತ್ಸೆ ನಡೆಯುತ್ತಿದ್ದರೆ ಹಾಲುಹಣ್ಣಿಗೂ ಮೊದಲು ವೈದ್ಯರನ್ನು ಕೇಳಿ.

ನಮ್ಮ ಕಡೆಯ ಷಷ್ಠಿ ಏಕೆ ಒಂದೇ ದಿನ? ನನಗೆ ಅನ್ನಿಸುವುದು ಇಷ್ಟು: ಅಲ್ಲಿಯ ಕಥೆ ಮುಗಿಯುವ ಕಡೆ ಕುಕ್ಕೆಯ ಕಥೆ ಶುರುವಾಗುತ್ತದೆ. ಅಸುರರನ್ನು ಕೊಂದು ಬಂದ ಕುಮಾರ ಕುಮಾರಧಾರೆಯಲ್ಲಿ ಆಯುಧ ತೊಳೆಯುತ್ತಾನೆ, ಇಂದ್ರನ ಮಗಳು ದೇವಸೇನೆಯನ್ನು ಮಾರ್ಗಶಿರ ಶುದ್ಧ ಷಷ್ಠಿಯಂದು ವರಿಸುತ್ತಾನೆ, ತಪಸ್ಸಿಗೆ ಕುಳಿತ ವಾಸುಕಿಗೆ ಒಲಿದು ಅಲ್ಲೇ ನೆಲೆಸುತ್ತಾನೆ. ಯೋಧ ನಮ್ಮಲ್ಲಿಗೆ ಬರುವಾಗಲೇ ಕತ್ತಿ ಕೆಳಗಿಟ್ಟಿದ್ದಾನೆ. ಅದಕ್ಕೇ ನಮ್ಮ ತವರಿನಲ್ಲಿ ಅಂದು ಹಸಿವಿಗಿಂತ ಉಪಚಾರ ಹೆಚ್ಚು: ನಾಗರಕಲ್ಲಿಗೆ ತನಿ ಎರೆದು, ಚಿಗಳಿ ತಂಬಿಟ್ಟು ನೈವೇದ್ಯ ಮಾಡಿ, ಉಪನಯನವಾದ ಹುಡುಗನೊಬ್ಬನನ್ನು ಸುಬ್ಬರಾಯನೆಂದೇ ಕರೆದು ಕೂರಿಸಿ ಊಟ, ಪಂಚೆ, ದಕ್ಷಿಣೆ ಕೊಡುತ್ತಾರೆ. ಅವನು ಎಲೆಯಿಂದ ಏಳುವವರೆಗೆ ಅಮ್ಮ ಉಣ್ಣುತ್ತಿರಲಿಲ್ಲ. ಈಗ ಷಷ್ಠಿಯ ದಿನ ಇಂಥ ಹುಡುಗರಿಗೆ ನಾಲ್ಕು ಮನೆಯ ಕರೆ, ಮೊದಲೇ ಹೇಳಿಡಬೇಕು.

ಇದೇ ಮೊದಲ ಸಲವಾದರೆ ಐದು ದಿನ ಒಪ್ಪತ್ತು ಮಾಡಿ, ಆರನೆಯ ದಿನ ರಜೆ ಹಾಕಿ ಉಪವಾಸ ಇರಿ. ಏಳನೆಯ ದಿನ ದೇವಸ್ಥಾನಗಳಲ್ಲಿ ಕಲ್ಯಾಣೋತ್ಸವ, ಮನೆಗಳಲ್ಲಿ ವಡೆ ಪಾಯಸ. ಉಪವಾಸ ಬಿಟ್ಟ ಹೊಟ್ಟೆಗೆ ಮೊದಲು ಗಂಜಿಯೋ ಮಜ್ಜಿಗೆ ಅನ್ನವೋ ಬೀಳಲಿ, ವಡೆ ಸಂಜೆಗೆ ಇಟ್ಟುಕೊಳ್ಳಿ.