ಅರ್ಜೆಂಟೀನಾದ ಫುಟ್‌ಬಾಲ್‌ನಲ್ಲಿ ಎದುರು ತಂಡದ ಅಭಿಮಾನಿಗಳಿಗೆ ಮೈದಾನದ ಬಾಗಿಲು ಮುಚ್ಚಿದ್ದು ಯಾಕೆ?

2013ರ ಜೂನ್‌ನಲ್ಲಿ ಲಾನೂಸ್ ತಂಡದ ಪಂದ್ಯ ನೋಡಲು ಲಾ ಪ್ಲಾಟಾ ನಗರಕ್ಕೆ ಬಂದಿದ್ದ ಅಭಿಮಾನಿಯೊಬ್ಬ ಪೊಲೀಸರ ರಬ್ಬರ್ ಗುಂಡಿಗೆ ಸತ್ತ. ಅದಾದ ಮೇಲೆ ಮೊದಲ ದರ್ಜೆಯ ಲೀಗ್‌ನಲ್ಲಿ ಎದುರು ತಂಡದ ಅಭಿಮಾನಿಗಳನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿದರು. ಗುಂಡು ಹಾರಿಸಿದ್ದು ಪೊಲೀಸರು, ಶಿಕ್ಷೆ ಅಭಿಮಾನಿಗಳಿಗೆ. ವಿಚಿತ್ರ ಅಲ್ವಾ?

ಹಿಂಸೆ ಇದರಿಂದ ನಿಲ್ಲಲಿಲ್ಲ. ‘ಬಾರಾ ಬ್ರಾವಾ’ ಅನ್ನೋ ಅಭಿಮಾನಿ ಗ್ಯಾಂಗ್‌ಗಳಿಗೆ ಟಿಕೆಟ್, ಪಾರ್ಕಿಂಗ್ ವಸೂಲಿಯೇ ದಂಧೆ. ಆ ದುಡ್ಡಿಗಾಗಿ ಒಂದೇ ಕ್ಲಬ್ಬಿನವರೂ ಹೊಡೆದಾಡುತ್ತಾರೆ.

2018ರ ನವೆಂಬರ್‌ನಲ್ಲಿ ರಿವರ್ ಪ್ಲೇಟ್ ಕ್ಲಬ್ಬಿನ ಮೈದಾನದಲ್ಲಿ ನಡೆಯಬೇಕಿದ್ದ ಲಿಬರ್ಟಡೋರೆಸ್ (ದಕ್ಷಿಣ ಅಮೆರಿಕದ ಕ್ಲಬ್‌ಗಳ ಕಪ್) ಫೈನಲ್‌ಗೆ ಎದುರಾಳಿ ಬೋಕಾ ಕ್ಲಬ್ಬಿನ ಅಭಿಮಾನಿಗಳಿಗೆ ಪ್ರವೇಶವೇ ಇರಲಿಲ್ಲ. ಹೊಡೆಯಲು ಅವರು ಸಿಗಲಿಲ್ಲ, ಬೋಕಾ ಆಟಗಾರರ ಬಸ್ಸಿಗೇ ಕಲ್ಲು ಬಿತ್ತು. ಕಿಟಕಿ ಗಾಜು ಒಡೆದು ನಾಯಕ ಪಾಬ್ಲೊ ಪೆರೆಸ್ ಕಣ್ಣಿಗೆ ಗಾಯವಾಯ್ತು. ಕೊನೆಗೆ ಪಂದ್ಯ ನಡೆದದ್ದು ಸುಮಾರು 10,000 ಕಿ.ಮೀ. ದೂರದ ಮ್ಯಾಡ್ರಿಡ್‌ನಲ್ಲಿ. ಅಲ್ಲಿ ಎರಡೂ ಕಡೆಯವರು ಒಂದೇ ಸ್ಟೇಡಿಯಂನಲ್ಲಿ ಕೂತು ನೋಡಿದರು.